ಗಲಭೆ ನಿಗ್ರಹ ಪೊಲೀಸರ ಗುರಾಣಿ ಮತ್ತು ಕವಚ: ಒಂದು ಚಾರಿತ್ರಿಕ ಅಧ್ಯಯನ

ಗಲಭೆ ನಿಗ್ರಹ ಪೊಲೀಸರು ಇಂದು ತೊಡುವ ಹೆಲ್ಮೆಟ್, ಮುಖ ಮುಚ್ಚುವ ವೈಸರ್, ಪಾರದರ್ಶಕ ಗುರಾಣಿ, ಎದೆ, ಭುಜ, ಮೊಣಕಾಲುಗಳ ಕವಚ ಇವೆಲ್ಲ ಒಟ್ಟಾಗಿ ಬಳಕೆಗೆ ಬಂದದ್ದು ಇಪ್ಪತ್ತನೆಯ ಶತಮಾನದ ಕೊನೆಯ ನಾಲ್ಕು ದಶಕಗಳಲ್ಲಿ. ಅದಕ್ಕೂ ಮೊದಲು ಗುಂಪು ಚದುರಿಸಲು ನಿಂತ ಪೊಲೀಸನ ಮೈಮೇಲೆ ಬಹುಮಟ್ಟಿಗೆ ದಿನನಿತ್ಯದ ಸಮವಸ್ತ್ರವೇ ಇರುತ್ತಿತ್ತು. ಕೈಯಲ್ಲಿ ಲಾಠಿ, ಬೆನ್ನಿಗೆ ಕುದುರೆ ಸವಾರರು, ಅದೂ ಸಾಲದಾದರೆ ಬಂದೂಕು ಹಿಡಿದ ಸೈನ್ಯ. ಕಲ್ಲು ತೂರಾಟ ಜೋರಾದಾಗ ಇಂಥ ಪೊಲೀಸ್ ಪಡೆ ಹಿಂದೆ ಸರಿಯಬೇಕಿತ್ತು, ಇಲ್ಲವೇ ಗೋಲಿಬಾರಿಗೆ ಇಳಿಯಬೇಕಿತ್ತು. ವಿಶ್ವಸಂಸ್ಥೆಯ ಅಪರಾಧ ತಡೆ ಸಮ್ಮೇಳನವು 1990ರಲ್ಲಿ ಹವಾನಾದಲ್ಲಿ ಅಂಗೀಕರಿಸಿದ ಬಲಪ್ರಯೋಗದ ಮೂಲತತ್ವಗಳಲ್ಲಿ ಎರಡನೆಯದು ಈ ಸಮಸ್ಯೆಗೆ ಕವಚವೇ ಪರಿಹಾರ ಎನ್ನುತ್ತದೆ: ಗುರಾಣಿ, ಹೆಲ್ಮೆಟ್, ಗುಂಡುನಿರೋಧಕ ಅಂಗಿ ಒದಗಿಸಿದರೆ ಪೊಲೀಸರು ಆಯುಧ ಎತ್ತಬೇಕಾದ ಪ್ರಸಂಗ ಕಡಿಮೆಯಾಗುತ್ತದೆ. ಕವಚದ ಪರವಾಗಿ ಇರುವ ಅತ್ಯಂತ ಗಟ್ಟಿಯಾದ ವಾದ ಇದು. ಆದರೆ ಕವಚದ ಇತಿಹಾಸ ಈ ವಾದವನ್ನು ಪೂರ್ತಿ ಸಮರ್ಥಿಸುವುದಿಲ್ಲ. ಹೊಸ ಸಾಧನ ಬಂದಾಗಲೆಲ್ಲ ಪೊಲೀಸರ ತಂತ್ರ ಬದಲಾಗಿದೆ, ಎದುರಿಗಿದ್ದ ಗುಂಪಿನ ವರ್ತನೆಯೂ ಬದಲಾಗಿದೆ.

ಆಧುನಿಕ ಪೊಲೀಸ್ ಗುರಾಣಿಯ ಮೊದಲ ರೂಪಗಳಲ್ಲಿ ಬೆತ್ತದ ಗುರಾಣಿ ಮುಖ್ಯವಾದುದು. ಬೆತ್ತ ಹೇರಳವಾಗಿ ಸಿಗುವ ಏಷ್ಯಾದ ದೇಶಗಳಲ್ಲಿ ಇದು ಬಹುಕಾಲ ಬಳಕೆಯಲ್ಲಿತ್ತು. 1967ರ ಹಾಂಗ್‌ಕಾಂಗ್ ಗಲಭೆಯ ಛಾಯಾಚಿತ್ರಗಳಲ್ಲಿ ಪೊಲೀಸರು ದುಂಡನೆಯ ಬೆತ್ತದ ಗುರಾಣಿ ಹಿಡಿದು ಸಾಲಾಗಿ ನಿಂತಿರುವುದು ಕಾಣುತ್ತದೆ. ಭಾರತದ ಹಲವು ರಾಜ್ಯಗಳಲ್ಲಿ ಅದು ಇನ್ನೂ ಮರೆಯಾಗಿಲ್ಲ. ಹೆಣಿಗೆ ಕಲ್ಲಿನ ಪೆಟ್ಟಿಗೆ ಸ್ವಲ್ಪ ಬಾಗಿ ಮತ್ತೆ ಮೊದಲಿನಂತಾಗುತ್ತದೆ; ಹಾಗಾಗಿ ಪೆಟ್ಟಿನ ಬಿರುಸು ಮುಂಗೈಗೆ ನೇರವಾಗಿ ತಟ್ಟುವುದಿಲ್ಲ. ತೂಕ ಕಡಿಮೆ, ಬೆಲೆ ಕಡಿಮೆ, ಕಿತ್ತುಹೋದರೆ ಊರಲ್ಲೇ ಮತ್ತೆ ಹೆಣೆಸಬಹುದು. ಆದರೆ ಹೆಣಿಗೆಯ ಸಂದಿಯಿಂದ ಆಸಿಡ್, ಪೆಟ್ರೋಲ್ ಒಳಗೆ ನುಗ್ಗುತ್ತವೆ, ಬೆಂಕಿ ತಗುಲಿದರೆ ಗುರಾಣಿಯೇ ಹೊತ್ತಿಕೊಳ್ಳುತ್ತದೆ. ಎದುರಿನದು ಕಾಣಬೇಕಾದರೆ ತಲೆ ಎತ್ತಬೇಕು. ತಲೆ ಎತ್ತಿದ ಕ್ಷಣವೇ ಕಲ್ಲು ಬೀಳುವ ಕ್ಷಣ.

ಲೋಹದ ಗುರಾಣಿಯನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ ದೇಶ ಜಪಾನ್. ಟೋಕಿಯೊ ಮಹಾನಗರ ಪೊಲೀಸರು 1948ರಲ್ಲಿ ಕಟ್ಟಿದ ಮೀಸಲು ಪಡೆಗೆ 1957ರಲ್ಲಿ ಕಿದೋತಾಯ್ ಎಂಬ ಹೆಸರು ಬಂತು. 1967ರ ಅಕ್ಟೋಬರ್ 8ರಂದು ಹನೆಡಾ ವಿಮಾನ ನಿಲ್ದಾಣದ ಬಳಿ ನಡೆದ ಸಂಘರ್ಷದಲ್ಲಿ ವಿದ್ಯಾರ್ಥಿಗಳು ಸಾಮೂಹಿಕವಾಗಿ ಹೆಲ್ಮೆಟ್ ಧರಿಸಿ, ಮರದ ದೊಣ್ಣೆ ಹಿಡಿದು ಬಂದರು. ಯಾರು ಯಾವ ಬಣದವರೆಂಬುದನ್ನು ಹೆಲ್ಮೆಟ್ಟಿನ ಬಣ್ಣವೇ ಹೇಳುತ್ತಿತ್ತು: ಚೂಕಾಕು ಬಣದ್ದು ಬಿಳಿ, ಬುಂಡ್ ಬಣದ್ದು ಕೆಂಪು. ಎರಡೂ ಕಡೆಯವರು ಕವಚ ತೊಟ್ಟು ಎದುರುಬದುರಾಗುವ ಕಾಲ ಇಲ್ಲಿಂದ ಶುರುವಾಯಿತು ಎನ್ನಬಹುದು. 1969ರ ಜನವರಿ 18 ಮತ್ತು 19ರಂದು ಟೋಕಿಯೊ ವಿಶ್ವವಿದ್ಯಾಲಯದ ಯಸುದಾ ಸಭಾಭವನವನ್ನು ತೆರವುಗೊಳಿಸುವಾಗ ಮೇಲಿನಿಂದ ಕಲ್ಲು ಮತ್ತು ಪೆಟ್ರೋಲ್ ಬಾಂಬ್ ಬೀಳುತ್ತಿದ್ದವು; ಪೊಲೀಸರು ಗುರಾಣಿಗಳನ್ನು ತಲೆಯ ಮೇಲೆ ಹಿಡಿದು ಮುನ್ನುಗ್ಗಿದರು. ಆ ಗುರಾಣಿಗಳ ಲೋಹ ಡ್ಯುರಾಲುಮಿನ್, ಅಂದರೆ ಶೇಕಡಾ 4ರಷ್ಟು ತಾಮ್ರ ಬೆರೆತ ಅಲ್ಯೂಮಿನಿಯಂ ಮಿಶ್ರಲೋಹ. ಅದು ಕಲ್ಲಿಗೆ, ದೊಣ್ಣೆಗೆ ಜಗ್ಗಲಿಲ್ಲ. ಆದರೆ ಗುಂಡಿಗೆ ಸಾಲಲಿಲ್ಲ. 1972ರ ಫೆಬ್ರುವರಿಯಲ್ಲಿ ಅಸಾಮಾ ಸಾನ್ಸೊ ವಸತಿಗೃಹದ ಮುತ್ತಿಗೆ ಹತ್ತು ದಿನ ನಡೆದಾಗ ಪೊಲೀಸರು ಎರಡೆರಡು ಗುರಾಣಿಗಳನ್ನು ಒಟ್ಟಿಗೆ ಹಿಡಿದು ಮುಂದುವರಿಯಬೇಕಾಯಿತು. ಅಲ್ಲಿ ಇಬ್ಬರು ಪೊಲೀಸರು ಗುಂಡಿಗೆ ಬಲಿಯಾದರು.

ಗುರಾಣಿಯ ಸ್ವರೂಪವನ್ನೇ ಬದಲಿಸಿದ್ದು ಪಾಲಿಕಾರ್ಬೊನೇಟ್. 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಹರ್ಮನ್ ಶ್ನೆಲ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಡೇನಿಯಲ್ ಫಾಕ್ಸ್ ಕೆಲವೇ ದಿನಗಳ ಅಂತರದಲ್ಲಿ, ಒಬ್ಬರಿಗೊಬ್ಬರು ತಿಳಿಯದೆ, ಇದನ್ನು ತಯಾರಿಸಿದರು. ಒಂದು ಮ್ಯಾಕ್ರೊಲಾನ್ ಎಂದೂ ಇನ್ನೊಂದು ಲೆಕ್ಸಾನ್ ಎಂದೂ ಮಾರುಕಟ್ಟೆಗೆ ಬಂತು. ಗಾಜಿನಷ್ಟು ತಿಳಿಯಾಗಿದ್ದು, ತೂಕದಲ್ಲಿ ಅದರ ಅರ್ಧಕ್ಕಿಂತ ಕಡಿಮೆಯಿರುವ ಈ ಪ್ಲಾಸ್ಟಿಕ್ ಪೆಟ್ಟು ತಿಂದರೆ ಚೂರಾಗದೆ ಬಾಗುತ್ತದೆ. ಪೊಲೀಸನು ಗುರಾಣಿಯ ಹಿಂದೆ ಪೂರ್ತಿ ಅಡಗಿದ್ದುಕೊಂಡೇ ಎದುರಿನ ಬೀದಿಯನ್ನು ನೋಡುವುದು ಇದರಿಂದ ಸಾಧ್ಯವಾಯಿತು. ದೋಷಗಳೂ ಇವೆ. ಮೇಲ್ಮೈ ಬೇಗ ಗೀಚಿಕೊಂಡು ಮಸುಕಾಗುತ್ತದೆ. ಪೆಟ್ರೋಲ್ ಮತ್ತು ಕೆಲವು ದ್ರಾವಕಗಳು ತಾಗಿದರೆ ಸೂಕ್ಷ್ಮ ಬಿರುಕುಗಳು ಹುಟ್ಟಿ ಹಾಳೆ ದುರ್ಬಲವಾಗುತ್ತದೆ. ಹೊರನೋಟಕ್ಕೆ ಹೊಸದರಂತಿದ್ದ ಗುರಾಣಿ ಮುಂದಿನ ಪೆಟ್ಟಿಗೆ ಸೀಳಬಹುದು. ಪೆಟ್ರೋಲ್ ಬಾಂಬ್ ಬಿದ್ದ ಗುರಾಣಿಯನ್ನು ಒರೆಸಿ ಮತ್ತೆ ಉಪಯೋಗಿಸುವುದು ಅಪಾಯಕರ ಎನ್ನುವುದು ಇದೇ ಕಾರಣಕ್ಕೆ.

ಹೊಸ ಗುರಾಣಿ ಪೊಲೀಸರ ತಂತ್ರವನ್ನು ಹೇಗೆ ಬದಲಿಸಿತು ಎಂಬುದಕ್ಕೆ ಬ್ರಿಟನ್ನಿನ 1976ರ ನಂತರದ ಹತ್ತು ವರ್ಷಗಳಷ್ಟು ಸ್ಪಷ್ಟವಾದ ಉದಾಹರಣೆ ಬೇರೆ ಸಿಗುವುದು ಕಷ್ಟ. ಉತ್ತರ ಐರ್ಲೆಂಡಿನಲ್ಲಿ 1969ರ ನಂತರ ಗುರಾಣಿಗಳು ರೂಢಿಗೆ ಬಂದಿದ್ದರೂ ಬ್ರಿಟನ್ನಿನ ಮುಖ್ಯ ನೆಲದಲ್ಲಿ ಪೊಲೀಸರು ತಮ್ಮ ಎತ್ತರದ ಸಾಂಪ್ರದಾಯಿಕ ಟೋಪಿಯಲ್ಲೇ ಇದ್ದರು. 1976ರ ಆಗಸ್ಟಿನಲ್ಲಿ ಲಂಡನ್ನಿನ ನಾಟಿಂಗ್ ಹಿಲ್ ಕಾರ್ನಿವಲ್‌ನಲ್ಲಿ ಗಲಭೆಯೆದ್ದಾಗ ಅವರು ಕಸದ ತೊಟ್ಟಿಯ ಮುಚ್ಚಳ, ಹಾಲಿನ ಬಾಟಲಿಯ ಕ್ರೇಟುಗಳನ್ನು ಅಡ್ಡ ಹಿಡಿದು ಪಾರಾಗಬೇಕಾಯಿತು. ಮರುವರ್ಷ 1977ರ ಆಗಸ್ಟ್ 13ರಂದು ಲೂಯಿಶಮ್‌ನಲ್ಲಿ ಮುಖ್ಯ ನೆಲದ ಪೊಲೀಸರು ಮೊದಲ ಬಾರಿಗೆ ಗುರಾಣಿ ಹಿಡಿದರು. ಈ ಉದ್ದ ಗುರಾಣಿಗಳು ಆಳೆತ್ತರದವು. ಮೂವರು ಅವನ್ನು ಒಂದಕ್ಕೊಂದು ತಾಗಿಸಿ ಹಿಡಿದರೆ ಇಬ್ಬರು ಹಿಂದೆ ಆಸರೆಯಾಗಿ ನಿಲ್ಲುವ ಐವರ ತಂಡ ಇದರ ಘಟಕ. 1981ರ ಏಪ್ರಿಲ್‌ನಲ್ಲಿ ಬ್ರಿಕ್ಸ್‌ಟನ್‌ನಲ್ಲಿ ಗಲಭೆಯೆದ್ದಾಗ ಇಂಥ ಗುರಾಣಿಗಳಿದ್ದೂ 279 ಪೊಲೀಸರು ಗಾಯಗೊಂಡರೆಂದು ಲಾರ್ಡ್ ಸ್ಕಾರ್ಮನ್ ವರದಿ ದಾಖಲಿಸಿತು. ಗುರಾಣಿಯ ಗೋಡೆ ಕಲ್ಲನ್ನು ತಡೆಯುತ್ತಿತ್ತು, ಆದರೆ ಅಲುಗದೆ ನಿಂತ ಆ ಗೋಡೆಯೇ ಎಸೆಯುವವರಿಗೆ ಸುಲಭದ ಗುರಿಯೂ ಆಯಿತು. ಬ್ರಿಕ್ಸ್‌ಟನ್‌ನ ನಂತರ ವೈಸರ್ ಇರುವ ಗಟ್ಟಿ ಹೆಲ್ಮೆಟ್ ಮತ್ತು ಬೆಂಕಿ ಹಿಡಿಯದ ಮೇಲುಡುಪು ಬಂದವು.

ಅದರ ಹಿಂದೆಯೇ ಬಂದದ್ದು ಗಿಡ್ಡ ಗುರಾಣಿ. 1984ರ ಜೂನ್ 18ರಂದು ಯಾರ್ಕ್‌ಷೈರಿನ ಆರ್ಗ್ರೀವ್‌ನಲ್ಲಿ ಮುಷ್ಕರನಿರತ ಗಣಿ ಕಾರ್ಮಿಕರ ಎದುರು ಉದ್ದ ಗುರಾಣಿಗಳ ಸಾಲು ಸೀಳಿಕೊಂಡು ಕುದುರೆ ಪೊಲೀಸರೂ, ಅವರ ಹಿಂದೆ ದುಂಡು ಗುರಾಣಿ ಹಾಗೂ ಲಾಠಿ ಹಿಡಿದ ತಂಡಗಳೂ ನುಗ್ಗಿದವು. ಗಿಡ್ಡ ಗುರಾಣಿ ಹಿಡಿದವನು ಓಡಬಲ್ಲ, ಇನ್ನೊಂದು ಕೈಯಲ್ಲಿ ಹೊಡೆಯಬಲ್ಲ. ಮೈ ಕಾಯುವ ಸಾಧನ ದಾಳಿಯ ಸಾಧನವೂ ಆದ ತಿರುವು ಇದು. ಹವಾನಾದ ವಾದಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇಲ್ಲ. ಬಂಧಿತ ಕಾರ್ಮಿಕರ ಮೇಲಿನ ಮೊಕದ್ದಮೆ 1985ರಲ್ಲಿ ಕುಸಿದುಬಿತ್ತು. ಹಿರಿಯ ಪೊಲೀಸ್ ಅಧಿಕಾರಿಗಳು 1983ರಲ್ಲಿ ಗುಟ್ಟಾಗಿ ಸಿದ್ಧಪಡಿಸಿದ್ದ ತಂತ್ರಗಳ ಕೈಪಿಡಿ ಹೊರಜಗತ್ತಿಗೆ ತಿಳಿದದ್ದೂ ಆ ವಿಚಾರಣೆಯಲ್ಲೇ. 1991ರಲ್ಲಿ ಸೌತ್ ಯಾರ್ಕ್‌ಷೈರ್ ಪೊಲೀಸರು 39 ಕಾರ್ಮಿಕರಿಗೆ 4,25,000 ಪೌಂಡ್ ಪರಿಹಾರ ಕೊಟ್ಟರು.

ಇದೇ ಅವಧಿಯಲ್ಲಿ ದಕ್ಷಿಣ ಕೊರಿಯಾದ ಗಲಭೆ ನಿಗ್ರಹ ಪಡೆಗಳ ಹೆಲ್ಮೆಟ್ಟಿಗೆ ಪ್ಲಾಸ್ಟಿಕ್ ವೈಸರ್ ಬದಲು ತಂತಿಯ ಜಾಲರಿ ಇತ್ತು. ಆ ಪಡೆಗಳಲ್ಲಿದ್ದವರಲ್ಲಿ ಬಹುಪಾಲು ಕಡ್ಡಾಯ ಸೈನಿಕ ಸೇವೆಯ ಯುವಕರು. 1987ರ ಜೂನ್‌ನಲ್ಲಿ ಪ್ರಜಾಪ್ರಭುತ್ವಕ್ಕಾಗಿ ಬೀದಿಗಿಳಿದ ವಿದ್ಯಾರ್ಥಿಗಳನ್ನು ಜಾಲರಿಯ ಹಿಂದಿನಿಂದ ನೋಡುತ್ತಿದ್ದವರು ಅವರದೇ ವಯಸ್ಸಿನವರು.

ಇಡೀ ಮೈಯನ್ನು ಆವರಿಸುವ ಕವಚ ಹೊಸ ವಸ್ತುಗಳ ಫಲ. ಬೆಂಕಿ ತಾಳುವ ನೋಮೆಕ್ಸ್ ನೂಲು ಮತ್ತು 1965ರಲ್ಲಿ ಸ್ಟೆಫನಿ ಕ್ವೊಲೆಕ್ ಕಂಡುಹಿಡಿದ ಕೆವ್ಲಾರ್ ಎರಡೂ ಡ್ಯುಪಾಂಟ್ ಕಂಪನಿಯವು. ಆದರೂ ಗಲಭೆ ಕವಚ ಸಾಮಾನ್ಯವಾಗಿ ಗುಂಡುನಿರೋಧಕವಲ್ಲ ಎಂಬುದನ್ನು ಗಮನಿಸಬೇಕು. ಹೊರಗೆ ಗಟ್ಟಿ ಪ್ಲಾಸ್ಟಿಕ್ ಚಿಪ್ಪು, ಒಳಗೆ ದಪ್ಪ ಫೋಮ್. ಚಿಪ್ಪು ಪೆಟ್ಟನ್ನು ಅಗಲಕ್ಕೆ ಹಂಚುತ್ತದೆ, ಫೋಮ್ ಕುಗ್ಗಿ ಅದನ್ನು ಹೀರುತ್ತದೆ. ಕಲ್ಲು, ಇಟ್ಟಿಗೆ, ದೊಣ್ಣೆಗಳಿಗಾಗಿ ಮಾಡಿದ್ದು ಅದು. ಹೆಲ್ಮೆಟ್ಟಿನ ವಿವರಗಳನ್ನು ನೋಡಿದರೆ ಪ್ರತಿಯೊಂದರ ಹಿಂದೆಯೂ ಒಂದು ಗಾಯದ ಕಥೆ ಇರುವುದು ತಿಳಿಯುತ್ತದೆ. ವೈಸರ್ ಮೇಲಂಚಿನಲ್ಲಿ ರಬ್ಬರ್ ಪಟ್ಟಿ ಇರುವುದು ಸುರಿದ ಪೆಟ್ರೋಲ್ ಅಥವಾ ಆಸಿಡ್ ಹಣೆಯಿಂದ ಕಣ್ಣಿಗೆ ಇಳಿಯಬಾರದೆಂದು; ಹಿಂದೆ ಇಳಿಬಿದ್ದ ಕುತ್ತಿಗೆಯ ಪಟ್ಟಿ ಉರಿಯುವ ದ್ರವ ಕಾಲರಿನೊಳಗೆ ಹರಿಯಬಾರದೆಂದು. ಅಮೆರಿಕದ ನ್ಯಾಯ ಇಲಾಖೆಯ ಸಂಶೋಧನಾ ಸಂಸ್ಥೆ 1984ರಲ್ಲಿ ಗಲಭೆ ಹೆಲ್ಮೆಟ್ ಮತ್ತು ವೈಸರ್‌ಗಳಿಗೆ ಪರಿಷ್ಕೃತ ಮಾನದಂಡ ಪ್ರಕಟಿಸಿತು. ಬ್ರಿಟನ್ನಿನಲ್ಲಿ ಬಿಎಸ್ 7971 ಈ ಕೆಲಸ ಮಾಡುತ್ತದೆ.

ಪೊಲೀಸರು ಕವಚ ತೊಟ್ಟಂತೆ ಪ್ರತಿಭಟನಕಾರರೂ ತೊಟ್ಟರು. ಕಾನೂನು ಮಾತ್ರ ಎರಡನ್ನೂ ಒಂದೇ ರೀತಿ ಕಾಣಲಿಲ್ಲ. ಪಶ್ಚಿಮ ಜರ್ಮನಿಯು ಅಣುಸ್ಥಾವರ ವಿರೋಧಿ ಸಂಘರ್ಷಗಳ ಹಿನ್ನೆಲೆಯಲ್ಲಿ 1985ರಲ್ಲಿ ಸಭಾ ಕಾನೂನಿಗೆ ತಿದ್ದುಪಡಿ ತಂದು, ಪೊಲೀಸ್ ಬಲಪ್ರಯೋಗದಿಂದ ತಪ್ಪಿಸಿಕೊಳ್ಳಲು ಪ್ರತಿಭಟನಕಾರರು ರಕ್ಷಣಾ ಸಾಧನ ಧರಿಸುವುದನ್ನು ನಿಷೇಧಿಸಿತು. 2019ರಲ್ಲಿ ಹಾಂಗ್‌ಕಾಂಗಿನ ಯುವಜನರಿಗೆ ಕಟ್ಟಡ ಕಾರ್ಮಿಕರ ಹಳದಿ ಹೆಲ್ಮೆಟ್, ಈಜುಗನ್ನಡಕ, ಕೊಡೆಗಳೇ ಕವಚವಾದವು; ಅಕ್ಟೋಬರ್‌ನಲ್ಲಿ ಸರ್ಕಾರ ಮುಖಗವಸನ್ನು ನಿಷೇಧಿಸಿತು.

ಕವಚದ ನೋಟವೇ ಗುಂಪನ್ನು ಕೆರಳಿಸುತ್ತದೆಯೇ ಎಂಬ ಪ್ರಶ್ನೆಗೆ ಉತ್ತಮ ಪುರಾವೆ 2004ರ ಯುರೋ ಫುಟ್‌ಬಾಲ್ ಪಂದ್ಯಾವಳಿಯದು. ಮನೋವಿಜ್ಞಾನಿ ಕ್ಲಿಫರ್ಡ್ ಸ್ಟಾಟ್ ಮತ್ತು ಸಹೋದ್ಯೋಗಿಗಳ ಸಲಹೆಯಂತೆ ಪೋರ್ಚುಗಲ್‌ನ ನಗರ ಪೊಲೀಸರು ಕವಚ ತೊಟ್ಟ ತಂಡಗಳನ್ನು ಕಣ್ಣಿಗೆ ಬೀಳದಂತೆ ಅಡ್ಡಬೀದಿಗಳಲ್ಲಿಟ್ಟು, ಮುಂದೆ ಸಾಮಾನ್ಯ ಸಮವಸ್ತ್ರದ ಪೇದೆಗಳನ್ನು ಮಾತುಕತೆಗೆ ನಿಲ್ಲಿಸಿದರು. ಅವರ ವ್ಯಾಪ್ತಿಯ ಪಂದ್ಯದ ನಗರಗಳಲ್ಲಿ ಇಂಗ್ಲೆಂಡ್ ಅಭಿಮಾನಿಗಳ ದೊಡ್ಡ ಗಲಭೆ ನಡೆಯಲಿಲ್ಲ. ಬೇರೆ ಪಡೆಯ ಹೊಣೆಯಲ್ಲಿದ್ದ ಅಲ್ಬುಫೇರಾದಲ್ಲಿ ನಡೆಯಿತು. ಅಮೆರಿಕದಲ್ಲಿ 2014ರ ಫರ್ಗ್ಯುಸನ್ ಪ್ರತಿಭಟನೆಗಳ ನಂತರ ಅಧ್ಯಕ್ಷ ಒಬಾಮ ಹೊರಡಿಸಿದ ಆದೇಶದ ಫಲವಾಗಿ ಸ್ಥಳೀಯ ಪೊಲೀಸರು ಕೇಂದ್ರದ ನೆರವಿನಿಂದ ಪಡೆಯುವ ಗಲಭೆ ಹೆಲ್ಮೆಟ್ ಮತ್ತು ಗುರಾಣಿಗಳು ನಿಯಂತ್ರಿತ ಪಟ್ಟಿಗೆ ಸೇರಿದವು. 2017ರ ಆಗಸ್ಟಿನಲ್ಲಿ ಟ್ರಂಪ್ ಆ ಆದೇಶವನ್ನು ರದ್ದುಗೊಳಿಸಿದರು.

ಭಾರತದಲ್ಲಿ ಗಲಭೆ ನಿಗ್ರಹಕ್ಕೆಂದೇ ಮೀಸಲಾದ ಕ್ಷಿಪ್ರ ಕಾರ್ಯಪಡೆ ಸಿಆರ್‌ಪಿಎಫ್‌ನ ಹತ್ತು ಬೆಟಾಲಿಯನ್‌ಗಳೊಂದಿಗೆ 1992ರ ಅಕ್ಟೋಬರ್‌ನಲ್ಲಿ ಕೆಲಸ ಆರಂಭಿಸಿತು. ಅದರ 97ನೇ ಬೆಟಾಲಿಯನ್‌ನ ನೆಲೆಗೆ 2021ರ ಜನವರಿಯಲ್ಲಿ ಭದ್ರಾವತಿಯಲ್ಲಿ ಶಿಲಾನ್ಯಾಸವಾಯಿತು. ಭಾರತದಲ್ಲಿ ಕವಚದ ದೊಡ್ಡ ಶತ್ರು ಬಿಸಿಲು. ಪೂರ್ಣ ಕವಚ ಹಲವು ಕಿಲೋ ತೂಗುತ್ತದೆ, ಫೋಮ್ ಗಾಳಿಯಾಡಲು ಬಿಡುವುದಿಲ್ಲ. ಏಪ್ರಿಲ್–ಮೇ ತಿಂಗಳ ಬಂದೋಬಸ್ತಿನಲ್ಲಿ ಅದನ್ನು ತೊಟ್ಟು ಗಂಟೆಗಟ್ಟಲೆ ನಿಂತ ಸಿಬ್ಬಂದಿ ಕಲ್ಲು ಬೀಳುವ ಮೊದಲೇ ಬಳಲಿರುತ್ತಾರೆ. ಹಾಗಾಗಿ ಕವಚವನ್ನು ವ್ಯಾನಿನಲ್ಲೇ ಬಿಟ್ಟು ಹೆಲ್ಮೆಟ್, ಗುರಾಣಿ, ಲಾಠಿಯಷ್ಟೇ ಹಿಡಿದು ಇಳಿಯುವುದೂ ಉಂಟು. ಅಳತೆಯದು ಇನ್ನೊಂದು ಸಮಸ್ಯೆ. ಸಿಆರ್‌ಪಿಎಫ್‌ನ ಮೊದಲ ಮಹಿಳಾ ಬೆಟಾಲಿಯನ್ 1986ರಲ್ಲೇ ಹುಟ್ಟಿದರೂ ಮಹಿಳಾ ಸಿಬ್ಬಂದಿ ದಶಕಗಳ ಕಾಲ ಪುರುಷರ ಮೈಯಳತೆಗೆ ಮಾಡಿದ ಕವಚವನ್ನೇ ತೊಡಬೇಕಿತ್ತು. ಎದೆಯ ಬಳಿ ಬಿಗಿ, ಭುಜದ ಬಳಿ ಸಡಿಲ. ಓಡುವಾಗ ಜಾರುವ ಕವಚ ಕಾಯುವ ಜಾಗ ಬಿಟ್ಟು ಬೇರೆಡೆ ಸರಿಯುತ್ತದೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ದೆಹಲಿಯ ಶರೀರಶಾಸ್ತ್ರ ಪ್ರಯೋಗಾಲಯವು ಮಹಿಳೆಯರ ದೇಹದ ಅಳತೆಗಳನ್ನೇ ಆಧರಿಸಿ ಗಲಭೆ ನಿಗ್ರಹಕ್ಕಾಗಿ ಪೂರ್ಣ ಕವಚವೊಂದನ್ನು ಸಿಆರ್‌ಪಿಎಫ್‌ಗಾಗಿ ರೂಪಿಸಿದ್ದು ಆ ದಶಕಗಳು ಕಳೆದ ಮೇಲೆಯೇ.