ಗಾಲ್ಫ್ ಆಟಗಾರರ ನಮ್ಯತಾ ತರಬೇತಿ

ಗಾಲ್ಫ್ ಆಟಗಾರರ ನಮ್ಯತಾ ತರಬೇತಿ: ಗಾಲ್ಫ್ ಹೊಡೆತಕ್ಕೆ ಬೇಕಾದಷ್ಟು ತಿರುವು ಸೊಂಟಕ್ಕೆ ಪೆಟ್ಟಾಗದಂತೆ ಮೈಗೆ ಒದಗಲೆಂದು ಕೀಲು ಮತ್ತು ಸ್ನಾಯುಗಳನ್ನು ಪಳಗಿಸುವ ವ್ಯಾಯಾಮಕ್ರಮ. ತೊಡೆಯ ಬುಡದ ಕೀಲು, ಎದೆಮಟ್ಟದ ಬೆನ್ನುಮೂಳೆ, ಭುಜ ಈ ಮೂರು ಕಡೆ ಅದರ ಕೆಲಸ ಹೆಚ್ಚು. ಸಿಂಗಾಪುರದ ಬಿಶಾನ್‌ನಂಥ ಊರುಗಳಲ್ಲಿ, ವಾರವಿಡೀ ಮೇಜಿನ ಮುಂದೆ ಕೂತು ಶನಿವಾರ ಮೈದಾನಕ್ಕೆ ಹೋಗುವ ಹವ್ಯಾಸಿಗಳಿಗೆ ಇದರ ಅಗತ್ಯ ವೃತ್ತಿಪರರಿಗಿಂತ ಹೆಚ್ಚು.

ಇದರ ಹಿಂದೆ ಒಂದು ಸರಳ ಲೆಕ್ಕವಿದೆ. ಹೊಡೆಯುವ ಮುನ್ನ ಕೋಲನ್ನು ಹಿಂದಕ್ಕೆತ್ತುವ ಬ್ಯಾಕ್‌ಸ್ವಿಂಗ್‌ನ ತುದಿಯಲ್ಲಿ ಭುಜಗಳು ಸುಮಾರು 90 ಡಿಗ್ರಿ ತಿರುಗಿರಬೇಕೆಂದು ತರಬೇತುದಾರರು ಹೇಳಿಕೊಡುತ್ತಾರೆ. ಇದರಲ್ಲಿ ತೊಡೆಗೀಲುಗಳ ಮೇಲೆ ಕೂತ ಚಪ್ಪೆಮೂಳೆಯ ಪಾಲು 45 ಡಿಗ್ರಿಯಷ್ಟು. ಎದೆಮಟ್ಟದ ಬೆನ್ನುಮೂಳೆ 35 ಡಿಗ್ರಿಯಷ್ಟು ಕೊಡಬಲ್ಲದು. ಇನ್ನುಳಿದದ್ದು ಸೊಂಟದ ಪಾಲು. ಸೊಂಟದ ಐದು ಮೂಳೆಗಳು ಮುಂದೆ ಬಾಗಲು, ಹಿಂದೆ ಬಾಗಲು ಹೇಳಿಮಾಡಿಸಿದಂಥವು. ತಿರುಗುವುದು ಮಾತ್ರ ಅವಕ್ಕೆ ಒಗ್ಗದ ಕೆಲಸ. ಒಂದೊಂದರ ನಡುವೆ ಒಂದೆರಡು ಡಿಗ್ರಿ, ಎಲ್ಲ ಸೇರಿದರೆ ಹತ್ತರ ಆಸುಪಾಸು. ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತವರ ಎದೆಬೆನ್ನು 20 ಡಿಗ್ರಿಗೇ ನಿಂತುಬಿಟ್ಟರೆ, ತೊಡೆಗೀಲು 35 ದಾಟದಿದ್ದರೆ, ಬಾಕಿ 35 ಡಿಗ್ರಿಯನ್ನು ಸೊಂಟದ ಮೇಲೆ ಹೇರಿದಂತಾಗುತ್ತದೆ. ಅದೂ ಅಭ್ಯಾಸದ ರೇಂಜ್‌ನಲ್ಲಿ ಒಂದು ಬುಟ್ಟಿ ಚೆಂಡು ಮುಗಿಯುವವರೆಗೆ, ಮತ್ತೆ ಮತ್ತೆ, ಪೂರ್ತಿ ವೇಗದಲ್ಲಿ. ಹವ್ಯಾಸಿ ಗಾಲ್ಫ್ ಆಟಗಾರರ ದೂರುಗಳಲ್ಲಿ ಸೊಂಟನೋವು ಮೊದಲ ಸಾಲಿನಲ್ಲಿರುವುದಕ್ಕೆ ಇದೊಂದು ಮುಖ್ಯ ಕಾರಣ. ಸೊಂಟ ಹಿಡಿಯಿತು ಎಂದು ಸೊಂಟವನ್ನೇ ಜಗ್ಗುವವರು ತಪ್ಪು ಜಾಗಕ್ಕೆ ಮದ್ದು ಹಚ್ಚುತ್ತಿದ್ದಾರೆ; ಬಿಗಿ ಇರುವುದು ಅದರ ಮೇಲೆ ಮತ್ತು ಕೆಳಗೆ.

ಎರಡು ಕಾಲುಗಳ ಕೆಲಸವೂ ಒಂದೇ ಅಲ್ಲ. ಬಲಗೈ ಆಟಗಾರ ಹೊಡೆತ ಮುಗಿಸುವಾಗ ಇಡೀ ಮೈಭಾರ ಎಡಗಾಲಿಗೆ ಬಂದು, ಮೈ ಆ ಕಾಲಿನ ಮೇಲೆಯೇ ತಿರುಗುತ್ತದೆ. ಆಗ ಎಡತೊಡೆ ತನ್ನ ಕೀಲಿನಲ್ಲಿ ಒಳಮುಖವಾಗಿ ತಿರುಗಬೇಕು. 2004ರಲ್ಲಿ ವೃತ್ತಿಪರ ಆಟಗಾರರ ಮೇಲೆ ನಡೆದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಸೊಂಟನೋವು ಅನುಭವಿಸಿದವರಿಗೆ ಗುರಿಯ ಕಡೆಗಿರುವ ಕಾಲಿನ ಈ ಒಳತಿರುವು ಕಡಿಮೆ ಇದ್ದದ್ದು ಕಂಡುಬಂತು. ಇದನ್ನು ಮನೆಯಲ್ಲೇ ಪರೀಕ್ಷಿಸಿಕೊಳ್ಳಬಹುದು. ಕುರ್ಚಿಯ ಅಂಚಿನಲ್ಲಿ ನೆಟ್ಟಗೆ ಕೂತು, ಮಂಡಿ ಅಲುಗದಂತೆ ಎಡಪಾದವನ್ನು ಮಾತ್ರ ಹೊರಕ್ಕೆ, ಎಡಕ್ಕೆ ಎತ್ತಬೇಕು. ಪಾದ ಹೊರಗೆ ಹೋದಷ್ಟೂ ತೊಡೆ ಒಳಗೆ ತಿರುಗಿದೆ ಎಂದರ್ಥ. ಸಾಮಾನ್ಯವಾಗಿ 35ರಿಂದ 45 ಡಿಗ್ರಿ ಬರುತ್ತದೆ. ಪಾದ ಅರ್ಧದಲ್ಲೇ ನಿಂತು ಪೃಷ್ಠ ಕುರ್ಚಿಯಿಂದ ಮೇಲೇಳತೊಡಗಿದರೆ ತೊಡೆಗೀಲಿನ ತಿರುವು ಅಲ್ಲಿಗೆ ಮುಗಿದಿದೆ.

ಗಾಲ್ಫ್ ಜಗತ್ತು ಬಹುಕಾಲ ವ್ಯಾಯಾಮವನ್ನು ನಂಬಿರಲಿಲ್ಲ. ದಕ್ಷಿಣ ಆಫ್ರಿಕದ ಆಟಗಾರ ಗ್ಯಾರಿ ಪ್ಲೇಯರ್ ಅದಕ್ಕೆ ದೊಡ್ಡ ಅಪವಾದ. 1992ರಲ್ಲಿ ಅಮೆರಿಕದ ತರಬೇತುದಾರ ಜಿಮ್ ಮೆಕ್ಲೀನ್ ಭುಜದ ತಿರುವಿಗೂ ಚಪ್ಪೆಯ ತಿರುವಿಗೂ ಇರುವ ಅಂತರಕ್ಕೆ ‘ಎಕ್ಸ್ ಫ್ಯಾಕ್ಟರ್’ ಎಂದು ಹೆಸರಿಟ್ಟು, ಅಂತರ ಹೆಚ್ಚಿದಷ್ಟೂ ಚೆಂಡು ದೂರ ಹೋಗುತ್ತದೆ ಎಂದು ಬರೆದರು. ಅದನ್ನು ಓದಿದ ಹವ್ಯಾಸಿಗಳು ಚಪ್ಪೆಯನ್ನು ಬಿಗಿಹಿಡಿದು ಭುಜವನ್ನಷ್ಟೇ ತಿರುಚುವ ಅಭ್ಯಾಸಕ್ಕೆ ಬಿದ್ದರೆ, ಎದೆಬೆನ್ನು ಸಡಿಲವಿಲ್ಲದ ಮೈಗೆ ಅದು ಅಪಾಯ. ದೂರದ ಆಸೆ ಆಟಗಾರರನ್ನು ಹಾಗೆ ಎಳೆಯುತ್ತದೆ. ಬೆಂಗಳೂರಿನ ಆಟಗಾರ್ತಿ ಅದಿತಿ ಅಶೋಕ್ ಹೊಡೆತದ ದೂರದಲ್ಲಿ ಅನೇಕರಿಗಿಂತ ಹಿಂದಿದ್ದೂ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದರು ಎಂಬುದನ್ನು ಇಲ್ಲಿ ನೆನೆಯಬೇಕು.

ಆರಂಭದಲ್ಲಿ ಹೇಳಿದ, ಇಂಥ ಹವ್ಯಾಸಿಗಳಿರುವ ಬಿಶಾನ್ ಸಿಂಗಾಪುರದ ನಡುಭಾಗದ ವಸತಿ ಪಟ್ಟಣ. ಪೆಕ್ ಸಾನ್ ಎಂಬ ಹಳೆಯ ಹೆಸರಿನ ಮ್ಯಾಂಡರಿನ್ ರೂಪವೇ ಬಿಶಾನ್. 1870ರಲ್ಲಿ ಸ್ಥಾಪನೆಯಾದ ಪೆಕ್ ಸಾನ್ ಥೆಂಗ್ ರುದ್ರಭೂಮಿಯ ನೆಲದಲ್ಲಿ 1980ರ ದಶಕದಲ್ಲಿ ಈ ಪಟ್ಟಣ ಎದ್ದಿತು. ಪಟ್ಟಣದ ಪಶ್ಚಿಮದಂಚಿನ ಅಪ್ಪರ್ ಥಾಮ್ಸನ್ ರಸ್ತೆ ದಾಟಿದರೆ ಜಲಾಶಯಗಳ ಕಾಡು. ಲೋಯರ್ ಪಿಯರ್ಸ್ ಜಲಾಶಯದ ಮಗ್ಗುಲಲ್ಲಿ, ಐಲ್ಯಾಂಡ್ ಕ್ಲಬ್ ರಸ್ತೆಯಲ್ಲಿ, ಸಿಂಗಾಪುರ್ ಐಲ್ಯಾಂಡ್ ಕಂಟ್ರಿ ಕ್ಲಬ್‌ನ ಮೈದಾನವಿದೆ. 1891ರಷ್ಟು ಹಳೆಯ ಗಾಲ್ಫ್ ಕ್ಲಬ್ಬಿನ ಬೇರಿರುವ ಈ ಸಂಸ್ಥೆ 1963ರಲ್ಲಿ ಎರಡು ಕ್ಲಬ್‌ಗಳು ಕೂಡಿ ಈಗಿನ ರೂಪಕ್ಕೆ ಬಂತು. ಇದರ ಬುಕಿಟ್ ಮೈದಾನದಲ್ಲಿ 1969ರ ಗಾಲ್ಫ್ ವಿಶ್ವಕಪ್ ನಡೆಯಿತು.

ಕ್ಲಬ್ಬಿನ ಸದಸ್ಯತ್ವ ಎಲ್ಲರ ಕೈಗೆಟಕುವಂಥದಲ್ಲ. ಮೈ ಸಡಿಲಿಸಿಕೊಳ್ಳಲು ಮಾತ್ರ ಬಿಶಾನ್‌ನಲ್ಲಿ ಯಾರಿಗೂ ತಡೆಯಿಲ್ಲ. 62 ಹೆಕ್ಟೇರ್‌ನ ಬಿಶಾನ್–ಆಂಗ್ ಮೊ ಕಿಯೊ ಉದ್ಯಾನದಲ್ಲಿ ಬೆಳಕು ಹರಿಯುವ ಹೊತ್ತಿಗೆ ಹಿರಿಯರು ತೈ ಚಿಗೆ ನಿಂತಿರುತ್ತಾರೆ. ಕಾಂಕ್ರೀಟ್ ಕಾಲುವೆಯಾಗಿ 2.7 ಕಿ.ಮೀ. ನೆಟ್ಟಗೆ ಹರಿಯುತ್ತಿದ್ದ ಕಲ್ಲಾಂಗ್ ನದಿಯನ್ನು 2012ರ ಹೊತ್ತಿಗೆ ಇಲ್ಲಿ 3.2 ಕಿ.ಮೀ. ಬಳುಕುವ ಹೊಳೆಯಾಗಿ ಮಾಡಲಾಯಿತು. ಅದರ ದಂಡೆಯ ಹುಲ್ಲು ವ್ಯಾಯಾಮಕ್ಕೆ ಒಳ್ಳೆಯ ಜಾಗ. ತೈ ಚಿಯಲ್ಲಿ ಭಾರವನ್ನು ನಿಧಾನವಾಗಿ ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸಿ, ನಿಂತ ತೊಡೆಗೀಲಿನ ಮೇಲೆ ಮೈ ತಿರುಗಿಸುವ ಬಗೆ ಗಾಲ್ಫ್ ಹೊಡೆತಕ್ಕೆ ತೀರ ಹತ್ತಿರದ್ದು.

ಕನ್ನಡಿಗರಿಗೆ ಇನ್ನೂ ಹತ್ತಿರದ ದಾರಿ ಯೋಗದ್ದು. 1933ರಿಂದ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸಿದ ತಿರುಮಲೈ ಕೃಷ್ಣಮಾಚಾರ್ಯರ ಶಿಷ್ಯ, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ (1918–2014) ಕುರ್ಚಿ, ಪಟ್ಟಿ, ಮರದ ಇಟ್ಟಿಗೆಗಳನ್ನು ಬಳಸಿ ಬಿಗಿದ ಮೈಯವರಿಗೂ ಆಸನಗಳು ಒಗ್ಗುವಂತೆ ಮಾಡಿದರು. ಕುರ್ಚಿಯ ಮೇಲಿನ ಭರದ್ವಾಜಾಸನ ಗಾಲ್ಫ್ ಆಟಗಾರರಿಗೆಂದೇ ಹುಟ್ಟಿದಂತಿದೆ. ಬೆನ್ನೊರಗು ಬಲಪಕ್ಕಕ್ಕೆ ಬರುವಂತೆ ಅಡ್ಡ ಕೂರಬೇಕು. ಮಂಡಿಗಳ ನಡುವೆ ಮಡಚಿದ ಟವಲ್ ಇರಲಿ. ಉಸಿರೆಳೆಯುತ್ತ ಬೆನ್ನನ್ನು ಮೇಲಕ್ಕೆ ನೀಳವಾಗಿಸಿ, ಉಸಿರು ಬಿಡುತ್ತ ಬೆನ್ನೊರಗನ್ನು ಎರಡೂ ಕೈಯಲ್ಲಿ ಹಿಡಿದು ಬಲಕ್ಕೆ ತಿರುಗಬೇಕು. ಆಮೇಲೆ ಮಂಡಿಗಳನ್ನು ನೋಡಿಕೊಳ್ಳಬೇಕು: ಎಡಮಂಡಿ ಬಲಮಂಡಿಗಿಂತ ಮುಂದೆ ಜಾರಿದ್ದರೆ ತಿರುಗಿದ್ದು ಚಪ್ಪೆ. ಎರಡೂ ಒಂದೇ ಗೆರೆಯಲ್ಲಿದ್ದರೆ ಎದೆಬೆನ್ನು ನಿಜವಾಗಿ ಕೆಲಸ ಮಾಡಿದೆ. ಕುರ್ಚಿಯನ್ನು ಎಡಪಕ್ಕಕ್ಕೂ ಮಾಡಿಕೊಂಡು ಅಷ್ಟೇ ಹೊತ್ತು ಮಾಡಬೇಕು. ಒಂದೇ ದಿಕ್ಕಿಗೆ ಬಾರಿಸುವ ಆಟ ಮೈಯನ್ನು ಒಂದು ಕಡೆಗೆ ಎಳೆದಿರುತ್ತದೆ.

ಹಿಡಿದು ನಿಲ್ಲುವ ಇಂಥ ಚಾಚುವಿಕೆಯನ್ನು ವಾರಕ್ಕೆ ಎರಡು ಮೂರು ದಿನವಾದರೂ, ಪ್ರತಿಸಲ 10ರಿಂದ 30 ಸೆಕೆಂಡು, ಒಂದು ಸ್ನಾಯುಗುಂಪಿಗೆ ಒಟ್ಟು 60 ಸೆಕೆಂಡಿನಷ್ಟು ಮಾಡಬೇಕೆಂಬುದು ವ್ಯಾಯಾಮ ವಿಜ್ಞಾನದ ಒಪ್ಪಿತ ಸಲಹೆ. ವಯಸ್ಸಾದವರು 30ರಿಂದ 60 ಸೆಕೆಂಡು ಹಿಡಿದರೆ ಲಾಭ ಹೆಚ್ಚು. ಕುಲುಕಿ ಕುಲುಕಿ ಜಗ್ಗುವುದು ಬೇಡ. ಕೀಲುಗಳು ಹುಟ್ಟಾ ಸಡಿಲವಿರುವವರಿಗೆ ಇನ್ನಷ್ಟು ಚಾಚುವುದಕ್ಕಿಂತ ಬಲದ ವ್ಯಾಯಾಮ ಮುಖ್ಯ. ನೋವು ಸೊಂಟದಿಂದ ಕಾಲಿಗೆ ಇಳಿಯುತ್ತಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ ವ್ಯಾಯಾಮ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು.

ಆಟಕ್ಕೆ ಮುಂಚಿನ ತಯಾರಿ ಬೇರೆಯದೇ. ಆಡುವ ಮುನ್ನ ದೀರ್ಘವಾಗಿ ಹಿಡಿದು ಚಾಚಿದವರು ಡ್ರೈವರ್ ಎಂಬ ಉದ್ದ ಕೋಲನ್ನು ಬೀಸುವ ವೇಗ ತಾತ್ಕಾಲಿಕವಾಗಿ ಕುಗ್ಗಿದ್ದನ್ನು 2009ರ ಒಂದು ಪ್ರಯೋಗ ತೋರಿಸಿತು. ಆದ್ದರಿಂದ ಮೊದಲ ಟೀಗೆ ಮುನ್ನ ಚಲನೆಯ ವ್ಯಾಯಾಮ ಮಾಡಬೇಕು: ಐದು ನಿಮಿಷ ಬಿರುಸು ನಡಿಗೆ, ಕಾಲು ಬೀಸುವುದು, ಮುಂದಡಿಯಿಟ್ಟು ಮಂಡಿ ಬಾಗಿಸಿ ಮೈ ತಿರುಗಿಸುವುದು, ಕೋಲನ್ನು ಭುಜದ ಮೇಲಿಟ್ಟು ಎಡಬಲ ಹೊರಳುವುದು, ಕೊನೆಗೆ ನಿಧಾನದಿಂದ ವೇಗಕ್ಕೆ ಏರುವ ಹತ್ತಾರು ಖಾಲಿ ಬೀಸು.

ಭೂಮಧ್ಯರೇಖೆಯಿಂದ ಒಂದು ಡಿಗ್ರಿಯಷ್ಟೇ ಮೇಲಿರುವ ಸಿಂಗಾಪುರದಲ್ಲಿ ಸೆಕೆಯಿಂದಲೇ ಮೈ ಕಾದಿರುತ್ತದೆ ಎಂದು ನಂಬಿದವರಿದ್ದಾರೆ. ಬೆವರಿದ ಚರ್ಮ ಬೇರೆ, ಕಾದ ಸ್ನಾಯು ಬೇರೆ. ತಣ್ಣನೆಯ ಮನೆಯಿಂದ ತಣ್ಣನೆಯ ಕಾರಿಗೆ, ಕಾರಿನಿಂದ ನೇರ ಟೀಗೆ ಬಂದವರ ಬೆನ್ನು ಇನ್ನೂ ಬಿಗಿದೇ ಇರುತ್ತದೆ. ಈ ದ್ವೀಪದಲ್ಲಿ ಮಿಂಚು ಹೆಚ್ಚು. ಅಪಾಯದ ಸೈರನ್ ಕೂಗಿದೊಡನೆ ಆಟ ನಿಂತು ಎಲ್ಲರೂ ಒಳಗೆ ಓಡುತ್ತಾರೆ. ಅರ್ಧ ಗಂಟೆ ಏ.ಸಿ.ಯಲ್ಲಿ, ಒದ್ದೆ ಅಂಗಿಯಲ್ಲಿ ಕೂತು, ಸೈರನ್ ಮತ್ತೆ ಕೂಗಿದಾಗ ನೆಟ್ಟಗೆ ಹೋಗಿ ಪೂರ್ತಿ ಬಲದಿಂದ ಬಾರಿಸುವ ಆ ಮೊದಲ ಹೊಡೆತಕ್ಕೆ ಮುನ್ನ ಆ ಚಲನೆಯ ತಯಾರಿ ಇನ್ನೊಮ್ಮೆ ಆಗಲೇಬೇಕು.