ಬೊಜ್ಜು ಮತ್ತು ಕೊಬ್ಬಿನ ಅಂಗಾಂಶದ ರೋಗನಿರೋಧಕ ಕೋಶಗಳು

ಕೊಬ್ಬಿನ ಅಂಗಾಂಶ ಬರೀ ಕೊಬ್ಬು ಕೂಡಿಡುವ ಜಾಗವಲ್ಲ. ಅಲ್ಲಿ ಕೊಬ್ಬುಕೋಶಗಳ ನಡುನಡುವೆ ರಕ್ತನಾಳ, ನರ ಹಾಗೂ ಬಗೆಬಗೆಯ ರೋಗನಿರೋಧಕ ಕೋಶಗಳೂ ಇರುತ್ತವೆ. ಬೊಜ್ಜು ಬೆಳೆದಂತೆ ಈ ಕೋಶಗಳ ಸಂಖ್ಯೆ, ಸ್ವಭಾವ ಎರಡೂ ಬದಲಾಗಿ ಮಂದವಾದ ಉರಿಯೂತವೊಂದು ನೆಲೆಯೂರುತ್ತದೆ. ಗಾಯದಲ್ಲಿ ಕಾಣುವ ಕೆಂಪು, ಬಾವು, ನೋವು ಇದರಲ್ಲಿಲ್ಲ. ಆದರೆ ಇದು ವರ್ಷಗಟ್ಟಲೆ ಆರುವುದಿಲ್ಲ. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದ ‘ಇನ್ಸುಲಿನ್ ಪ್ರತಿರೋಧ’ಕ್ಕೂ ಟೈಪ್ 2 ಮಧುಮೇಹಕ್ಕೂ ಇದರ ನಂಟಿದೆ.

ತೆಳ್ಳಗಿನ ಪ್ರಾಣಿಯ ಕೊಬ್ಬಿನಲ್ಲೂ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳು ಇದ್ದೇ ಇರುತ್ತವೆ. ಅವು ಸತ್ತ ಕೋಶಗಳನ್ನು ತೆರವು ಮಾಡುತ್ತ ಶಾಂತವಾಗಿರುತ್ತವೆ. ಆ ಶಾಂತಿಯನ್ನು ಕಾಯುವುದು ಇಯೊಸಿನೊಫಿಲ್‌ಗಳು ಮತ್ತು ನಿಯಂತ್ರಕ ಟಿ ಕೋಶಗಳು. ಅಲರ್ಜಿ ಮತ್ತು ಜಂತುಹುಳುವಿನ ಸಂದರ್ಭದಲ್ಲಷ್ಟೇ ನೆನಪಾಗುತ್ತಿದ್ದ ಇಯೊಸಿನೊಫಿಲ್ ಕೊಬ್ಬಿನಲ್ಲಿ ಇಂಟರ್‌ಲ್ಯೂಕಿನ್-4 ಎಂಬ ಸಂಕೇತ ಪ್ರೋಟೀನ್ ಸ್ರವಿಸಿ ಮ್ಯಾಕ್ರೋಫೇಜ್‌ಗಳನ್ನು ಸೌಮ್ಯವಾಗಿ ಇಡುತ್ತದೆಂದು ಇಲಿಗಳ ಮೇಲಿನ ಅಧ್ಯಯನ 2011ರಲ್ಲಿ ತೋರಿಸಿತು. ಬೊಜ್ಜು ಬಂದ ಇಲಿಗಳ ಹೊಟ್ಟೆಯ ಕೊಬ್ಬಿನಲ್ಲಿ ಈ ಎರಡೂ ಬಗೆಯ ಕೋಶಗಳು ಇಳಿಮುಖವಾಗುತ್ತವೆ.

ಕೊಬ್ಬಿಗೂ ಉರಿಯೂತಕ್ಕೂ ಸಂಬಂಧವಿದೆಯೆಂಬ ಬಲವಾದ ಸುಳಿವು ಸಿಕ್ಕಿದ್ದು 1993ರಲ್ಲಿ. ಬೊಜ್ಜಿರುವ ಇಲಿ, ಹೆಗ್ಗಣಗಳ ಕೊಬ್ಬಿನಲ್ಲಿ ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತಕಾರಕ ಹೆಚ್ಚಾಗಿರುವುದನ್ನು ಗೋಖಾನ್ ಹೋತಾಮಿಸ್ಲಿಗಿಲ್, ಬ್ರೂಸ್ ಸ್ಪೀಗಲ್‌ಮನ್ ಮತ್ತು ಸಂಗಡಿಗರು ಕಂಡರು. ಅದನ್ನು ತಟಸ್ಥಗೊಳಿಸಿದಾಗ ಪ್ರಾಣಿಗಳ ಇನ್ಸುಲಿನ್ ಸ್ಪಂದನ ಸುಧಾರಿಸಿತು. ಅದನ್ನು ಮುಖ್ಯವಾಗಿ ಯಾವ ಕೋಶಗಳು ಸ್ರವಿಸುತ್ತವೆ ಎಂಬುದಕ್ಕೆ ಉತ್ತರ ಬರಲು ಹತ್ತು ವರ್ಷ ಹಿಡಿಯಿತು. 2003ರಲ್ಲಿ ಅಮೆರಿಕದ ಎರಡು ತಂಡಗಳು ಒಂದೇ ನಿಯತಕಾಲಿಕದಲ್ಲಿ, ಬೊಜ್ಜಿನ ಅಂಗಾಂಶದಲ್ಲಿ ಟಿಎನ್‌ಎಫ್-ಆಲ್ಫಾ ಸ್ರವಿಸುವ ಮ್ಯಾಕ್ರೋಫೇಜ್‌ಗಳು ಗುಂಪುಗೂಡುವುದನ್ನು ವರದಿ ಮಾಡಿದವು. ತೆಳ್ಳಗಿನ ಇಲಿಗಳ ಕೊಬ್ಬಿನ ಅಂಗಾಂಶದ ಕೋಶಗಳಲ್ಲಿ ಶೇ. 10ಕ್ಕಿಂತ ಕಡಿಮೆಯಿದ್ದ ಇವುಗಳ ಪಾಲು, ಬೊಜ್ಜು ಅತಿಯಾದಾಗ ಅರ್ಧದ ಹತ್ತಿರಕ್ಕೆ ಏರಬಲ್ಲದು.

ಅವು ಬಂದು ಸೇರುವ ಜಾಗವನ್ನು ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಗುರುತಿಸಬಹುದು. ಉಬ್ಬಿ ಉಬ್ಬಿ ಮಿತಿ ಮೀರಿದ ಕೊಬ್ಬುಕೋಶಕ್ಕೆ ರಕ್ತದ ಪೂರೈಕೆ ಸಾಲದಾಗಿ ಒತ್ತಡ ಹೆಚ್ಚುತ್ತದೆ. ಕೊನೆಗೆ ಕೋಶ ಸಾಯುತ್ತದೆ, ಒಳಗಿನ ಎಣ್ಣೆಹನಿ ಹಾಗೇ ಉಳಿಯುತ್ತದೆ. ಒಂದೇ ಮ್ಯಾಕ್ರೋಫೇಜ್ ನುಂಗಲಾಗದಷ್ಟು ದೊಡ್ಡ ಹನಿ ಅದು. ಹಾಗಾಗಿ ಹತ್ತಾರು ಮ್ಯಾಕ್ರೋಫೇಜ್‌ಗಳು ಸುತ್ತುವರಿದು ಅಂಚಿನಿಂದ ಸ್ವಲ್ಪಸ್ವಲ್ಪವೇ ಅರಗಿಸುತ್ತವೆ, ಕೆಲವೊಮ್ಮೆ ಒಂದರೊಳಗೊಂದು ಬೆರೆತು ಬಹುಕೇಂದ್ರದ ದೈತ್ಯಕೋಶಗಳಾಗುತ್ತವೆ. ಹನಿಯ ಸುತ್ತ ಕಿರೀಟದಂತೆ ಕಾಣುವ ಈ ಬಳೆಗೆ ‘ಕಿರೀಟಾಕೃತಿಯ ರಚನೆ’ ಎಂದೇ ಹೆಸರು. ಬೊಜ್ಜಿನ ಕೊಬ್ಬಿನಲ್ಲಿರುವ ಮ್ಯಾಕ್ರೋಫೇಜ್‌ಗಳಲ್ಲಿ ಶೇ. 90ಕ್ಕೂ ಹೆಚ್ಚು ಸತ್ತ ಕೋಶಗಳ ಸುತ್ತಲೇ ಇರುತ್ತವೆಂದು ಇಟಲಿಯ ಸವೆರಿಯೊ ಚಿಂಟಿ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು.

ಒತ್ತಡದಲ್ಲಿರುವ ಅಂಗಾಂಶ ಎಂಸಿಪಿ-1ರಂಥ ರಾಸಾಯನಿಕ ಕರೆಗಳನ್ನು ಕಳಿಸಿ ರಕ್ತದಿಂದ ಮಾನೋಸೈಟ್ ಎಂಬ ಬಿಳಿ ರಕ್ತಕಣಗಳನ್ನು ಸೆಳೆಯುತ್ತದೆ. ಅವು ಒಳಬಂದು ಮ್ಯಾಕ್ರೋಫೇಜ್‌ಗಳಾಗುತ್ತವೆ. ಇಲಿಗಳಲ್ಲಿ ಸಿಡಿ8 ಟಿ ಕೋಶಗಳು ಇವುಗಳಿಗಿಂತ ಮುಂಚೆಯೇ ಬಂದು ದಾರಿ ಮಾಡುತ್ತವೆ. ಬಿ ಕೋಶ, ನ್ಯೂಟ್ರೋಫಿಲ್‌ಗಳದೂ ಪಾತ್ರವಿದೆ. ಮ್ಯಾಕ್ರೋಫೇಜ್‌ಗಳು ಸ್ರವಿಸುವ ಟಿಎನ್‌ಎಫ್-ಆಲ್ಫಾ ಪಕ್ಕದ ಕೊಬ್ಬುಕೋಶದಲ್ಲಿ ಇನ್ಸುಲಿನ್ ಸಂಕೇತವನ್ನು ತಡೆಯುತ್ತದೆ. ಆಗ ಕೊಬ್ಬಿನಾಮ್ಲಗಳು ರಕ್ತಕ್ಕೆ ಸೋರಿ ಯಕೃತ್ತು, ಸ್ನಾಯುಗಳನ್ನು ಸೇರುತ್ತವೆ.

ಬಹಳ ಕಾಲ ಮ್ಯಾಕ್ರೋಫೇಜ್‌ಗಳನ್ನು ಉರಿ ಹಚ್ಚುವ ‘ಎಂ1’, ಆರಿಸುವ ‘ಎಂ2’ ಎಂದು ಎರಡಾಗಿ ವಿಂಗಡಿಸಲಾಗುತ್ತಿತ್ತು. ಪಾಠ ಹೇಳಲು ಅನುಕೂಲವಾದರೂ ಈ ವಿಂಗಡಣೆ ವಾಸ್ತವಕ್ಕೆ ಸಾಲದು. ಕಿರೀಟದಲ್ಲಿ ಟ್ರೆಮ್2 ಗ್ರಾಹಕವುಳ್ಳ, ಕೊಬ್ಬನ್ನು ಅರಗಿಸುವ ಮ್ಯಾಕ್ರೋಫೇಜ್‌ಗಳಿವೆ ಎಂದು 2019ರಲ್ಲಿ ಗೊತ್ತಾಯಿತು. ಆ ಗ್ರಾಹಕವನ್ನು ಇಲ್ಲವಾಗಿಸಿದ ಇಲಿಗಳಲ್ಲಿ ಕೊಬ್ಬುಕೋಶಗಳು ಇನ್ನಷ್ಟು ಉಬ್ಬಿ, ಕೊಲೆಸ್ಟರಾಲ್ ಏರಿತು, ಸಕ್ಕರೆಯ ನಿಯಂತ್ರಣ ಕೆಟ್ಟಿತು. ಎಂದರೆ ಈ ಕೋಶಗಳನ್ನು ಸಾರಾಸಗಟಾಗಿ ಶತ್ರುಗಳೆನ್ನುವುದು ತಪ್ಪು. ಅವು ಬಂದದ್ದು ದುರಸ್ತಿಗೆ, ಆದರೆ ಕೆಲಸ ಮುಗಿಯುವುದೇ ಇಲ್ಲ. ಉರಿಯೂತವನ್ನಷ್ಟೇ ಅದುಮುವ ಚಿಕಿತ್ಸೆಗಳು ನಿರೀಕ್ಷಿತ ಫಲ ಕೊಡದಿರಲು ಇದೂ ಒಂದು ಕಾರಣವಿರಬಹುದು. ಟಿಎನ್‌ಎಫ್ ತಡೆಯುವ ಔಷಧ ಮಧುಮೇಹಿಗಳ ಇನ್ಸುಲಿನ್ ಸ್ಪಂದನವನ್ನು ಸುಧಾರಿಸಲಿಲ್ಲ. ಉರಿಯೂತ ತಗ್ಗಿಸುವ ಸಾಲ್ಸಲೇಟ್ ಮಾತ್ರೆಯಿಂದ ರಕ್ತದ ಸಕ್ಕರೆ ಇಳಿದರೂ ಅಲ್ಪ ಪ್ರಮಾಣದಲ್ಲಿ.

ತೂಕ ಇಳಿದಾಗ ಕಿರೀಟಗಳು ಕಡಿಮೆಯಾಗುತ್ತವೆ. ಜಠರದ ಬೈಪಾಸ್ ಶಸ್ತ್ರಚಿಕಿತ್ಸೆಯಾದ ಮೂರು ತಿಂಗಳಲ್ಲೇ ರೋಗಿಗಳ ಚರ್ಮದಡಿಯ ಕೊಬ್ಬಿನಲ್ಲಿ ಈ ಇಳಿಕೆ ಕಂಡುಬಂದಿದೆ. ಆದರೂ ಕೊಬ್ಬುಕೋಶಗಳ ವಂಶವಾಹಿ ನಿಯಂತ್ರಣದಲ್ಲಿ ಬೊಜ್ಜಿನ ಗುರುತು ಉಳಿಯುತ್ತದೆಂದು 2024ರ ಸಂಶೋಧನೆ ತಿಳಿಸಿದೆ.

ಮ್ಯಾಕ್ರೋಫೇಜ್‌ಗಳು ಚರ್ಮದಡಿಯ ಕೊಬ್ಬಿಗಿಂತ ಹೊಟ್ಟೆಯೊಳಗಿನ ಕೊಬ್ಬಿನಲ್ಲಿ ಹೆಚ್ಚು ಸೇರುತ್ತವೆ. ಭಾರತೀಯರಲ್ಲಿ ಅದೇ ತೂಕದ ಯುರೋಪಿಯನ್ನರಿಗಿಂತ ಕೊಬ್ಬಿನ ಪಾಲು ಹೆಚ್ಚು, ಅದೂ ಹೊಟ್ಟೆಯ ಭಾಗದಲ್ಲಿ. ಆದ್ದರಿಂದ ತಕ್ಕಡಿಯ ಅಂಕಿಯೊಂದನ್ನೇ ನಂಬುವಂತಿಲ್ಲ. 2009ರಲ್ಲಿ ಭಾರತೀಯರಿಗೆ ಬೊಜ್ಜಿನ ಮಿತಿಯನ್ನು ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 25ಕ್ಕೆ, ಸೊಂಟದ ಸುತ್ತಳತೆಯ ಮಿತಿಯನ್ನು ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ.ಗೆ ನಿಗದಿಪಡಿಸಲಾಗಿತ್ತು.