ಅಗ್ಗದ ಬೆಲೆ, ಅಗ್ಗದ ಸರಕು: ಬೆಂಗಳೂರು ಗ್ರಾಮಾಂತರದ ರೇಷ್ಮೆ ವಹಿವಾಟಿನಲ್ಲಿ ಬೆಲೆ ಮತ್ತು ಗುಣಮಟ್ಟ

ಇಂಗ್ಲಿಷಿನ ‘ಚೀಪ್’ ಎಂಬ ಮಾತಿಗೆ ಬೆಲೆ ಕಡಿಮೆ ಎಂಬ ಅರ್ಥ ಒಂದು. ಸರಕು ಕಳಪೆ ಎಂಬುದು ಇನ್ನೊಂದು. ಮನುಷ್ಯರ ನಡತೆಗೆ ಹೇಳಿದರೆ ಕೀಳು ಎಂಬುದು ಮತ್ತೊಂದು. ಹಳೆಯ ಇಂಗ್ಲಿಷಿನಲ್ಲಿ ಆ ಮಾತಿಗೆ ಇದ್ದದ್ದು ಕೊಡುಕೊಳು, ವ್ಯಾಪಾರ ಎಂಬ ಅರ್ಥ. ಲಂಡನ್ನಿನ ಹಳೆಯ ಪೇಟೆ ಬೀದಿಗೆ ಚೀಪ್‌ಸೈಡ್ ಎಂಬ ಹೆಸರು ಉಳಿದದ್ದು ಹಾಗೆ. ಬೆಲೆ ಕಡಿಮೆ ಎಂಬ ಅರ್ಥ ಆಮೇಲೆ ಬಂತು, ಕಳಪೆ ಎಂಬುದು ಅದರ ಬೆನ್ನಿಗೆ ಅಂಟಿಕೊಂಡಿತು. ಕನ್ನಡದ ‘ಅಗ್ಗ’ದ ಕತೆಯೂ ಸ್ವಾರಸ್ಯದ್ದು. ಹಿಂದಿನ ಕಾವ್ಯಗಳಲ್ಲಿ ‘ಅಗ್ಗದ’ ಎಂದರೆ ಶ್ರೇಷ್ಠವಾದ, ಮೇಲಾದ ಎಂದರ್ಥ. ‘ಅಗ್ಗಳಿಕೆ’ಯಲ್ಲಿ ಅದು ಇಂದಿಗೂ ಇದೆ. ಅದೇ ರೂಪದ ಮಾತು ಪೇಟೆಯಲ್ಲಿ ಕಡಿಮೆ ಬೆಲೆಗೆ ನಿಂತಿದೆ. ಬೆಲೆ ಇಳಿದರೆ ಗುಣವೂ ಇಳಿದಿರಬೇಕು ಎಂಬ ಗ್ರಹಿಕೆ ಎಷ್ಟು ಸರಿ ಎಂಬುದನ್ನು ರೇಷ್ಮೆ ವಹಿವಾಟಿನಷ್ಟು ಚೆನ್ನಾಗಿ ತೋರಿಸುವ ಕ್ಷೇತ್ರ ವಿರಳ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಈ ವಹಿವಾಟಿನ ಎರಡು ತುದಿಗಳೂ ಇವೆ: ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ಗೂಡಿನ ಮಾರುಕಟ್ಟೆ, ಪಕ್ಕದ ದೊಡ್ಡಬಳ್ಳಾಪುರದಲ್ಲಿ ಸೀರೆ ನೇಯುವ ಮಗ್ಗಗಳು.

ಹಳೆ ಮೈಸೂರಿನಲ್ಲಿ ರೇಷ್ಮೆ ಕೃಷಿ ಬೇರೂರಿದ್ದು 18ನೇ ಶತಮಾನದ ಕೊನೆಗೆ, ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ. ಮುಂದೆ ಜಮ್‌ಷೆಡ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನಿ ಪದ್ಧತಿಯ ರೇಷ್ಮೆ ತೋಟ ತೆರೆಸಿದರು. 1912ರಲ್ಲಿ ಮೈಸೂರಿನಲ್ಲಿ ಸಂಸ್ಥಾನದ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಯಿತು. ಬೆಲೆಯ ದೊಡ್ಡ ಪೆಟ್ಟು ಬಿದ್ದದ್ದು 1930ರ ದಶಕದ ಆರಂಭದಲ್ಲಿ. ಜಾಗತಿಕ ಆರ್ಥಿಕ ಕುಸಿತದ ಜೊತೆಗೆ ಚೀನಾ, ಜಪಾನಿನ ನೂಲೂ ಹೊರದೇಶದ ಕೃತಕ ರೇಷ್ಮೆಯೂ ಕಡಿಮೆ ಬೆಲೆಗೆ ಬಂದಿಳಿದವು. 1933ರಲ್ಲಿ ಸುಂಕ ಮಂಡಳಿ ವಿಚಾರಣೆ ನಡೆಸಿತು. ಮರುವರ್ಷ ರಕ್ಷಣಾ ಸುಂಕ ಜಾರಿಗೆ ಬಂತು. ಆಗ ಬಂದ ನೂಲು ಕಳಪೆಯಾಗಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಜಪಾನಿನ ಎಳೆ ಒಂದೇ ಸಮನಾಗಿತ್ತು, ಗಟ್ಟಿಯಾಗಿತ್ತು. ಸ್ಥಳೀಯ ರೇಷ್ಮೆ ಬೆಲೆಯಲ್ಲೂ ಗುಣದಲ್ಲೂ ಒಟ್ಟಿಗೇ ಸೋತಿತು.

ಆ ಸೋಲಿನ ಬೇರು ಗೂಡಿನಲ್ಲಿದೆ. ಮೈಸೂರು ತಳಿಯ ಹುಳು ಇಲ್ಲಿನ ಬಿಸಿಲು, ರೋಗ ಎರಡನ್ನೂ ತಡೆದುಕೊಳ್ಳುತ್ತದೆ. ಆದರೆ ಅದರ ಗೂಡು ಚಿಕ್ಕದು, ಎಳೆ ಗಿಡ್ಡ. ಒಳ್ಳೆಯ ದ್ವಿತಳಿ (ಬೈವೋಲ್ಟೀನ್) ಗೂಡಿನಿಂದ ಸಾವಿರ ಮೀಟರಿನ ಆಸುಪಾಸು ಎಳೆ ಬಿಚ್ಚಿದರೆ ಮೈಸೂರು ತಳಿಯದು ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಇವೆರಡನ್ನು ಬೆರೆಸಿದ ಮಿಶ್ರತಳಿ ನಡುವಿನದು. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕು ಎಂಬ ಲೆಕ್ಕಕ್ಕೆ ಈ ಕಸುಬಿನಲ್ಲಿ ‘ರೆಂಡಿಟ್ಟ’ ಎನ್ನುತ್ತಾರೆ. ಮಿಶ್ರತಳಿಗೆ ಅದು 8 ಅಥವಾ ಇನ್ನೂ ಹೆಚ್ಚು. ಉತ್ತಮ ದ್ವಿತಳಿಗೆ 6ರಿಂದ 6.5. ಮಿಶ್ರತಳಿ ಗೂಡು ಕಿಲೋಗೆ 400 ರೂಪಾಯಿ, ದ್ವಿತಳಿ 500 ರೂಪಾಯಿ ಎಂದುಕೊಂಡರೆ, ಒಂದು ಕಿಲೋ ನೂಲಿಗೆ ಮಿಶ್ರತಳಿಯಲ್ಲಿ 3,200 ರೂಪಾಯಿಯ ಗೂಡು ಬೇಕು. ದ್ವಿತಳಿಯಲ್ಲಿ 6ರ ಲೆಕ್ಕಕ್ಕೆ 3,000 ರೂಪಾಯಿಯದು ಸಾಕು. ಕಿಲೋ ಲೆಕ್ಕದಲ್ಲಿ ದುಬಾರಿ ಎನಿಸಿದ್ದೇ ನೂಲಿನ ಲೆಕ್ಕದಲ್ಲಿ ಅಗ್ಗ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ 1990ರ ದಶಕದಲ್ಲಿ ಜಪಾನಿನ ನೆರವಿನೊಂದಿಗೆ ಸಿಎಸ್‌ಆರ್ ದ್ವಿತಳಿಗಳನ್ನು ಬೆಳೆಸಿದ ಮೇಲೆ ಈ ಲೆಕ್ಕ ರೈತರ ಮನೆ ಬಾಗಿಲಿಗೆ ಬಂತು.

ಗೂಡಿನ ಮಾರುಕಟ್ಟೆಯಲ್ಲಿ ಗುಣಕ್ಕೆ ಬೆಲೆ ಕಟ್ಟುವುದು ಬಹುಮಟ್ಟಿಗೆ ಕಣ್ಣು ಮತ್ತು ಕೈ. ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ರೈತ ಬಿಡಿಸಿ ತಂದ ಗೂಡನ್ನು ಜಾಲರಿಯಲ್ಲಿ ಹರಡುತ್ತಾನೆ. ನೂಲು ಬಿಚ್ಚಾಣಿಕೆದಾರ ಒಂದು ಬೊಗಸೆ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಒಳಗೆ ಕೋಶ ಗಟ್ಟಿಯಾಗಿದ್ದರೆ ಸದ್ದು ಸ್ಪಷ್ಟ. ಬೆರಳಲ್ಲಿ ಅದುಮಿ ಪದರದ ಬಿಗಿ ನೋಡುತ್ತಾನೆ. ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು, ಕಲೆ ಬಿದ್ದದ್ದು, ಒಳಗೇ ಹುಳು ಸತ್ತು ಕರಗಿದ್ದು ಎಷ್ಟಿವೆ ಎಂದು ಅಂದಾಜಿಸಿ ಹರಾಜಿನಲ್ಲಿ ಬೆಲೆ ಹೇಳುತ್ತಾನೆ. ಕೂಗಿನ ಜಾಗಕ್ಕೆ ಇ-ಹರಾಜು ಬಂದರೂ ಈ ಪರೀಕ್ಷೆ ಬದಲಾಗಿಲ್ಲ.

ಆದರೆ ಇಲ್ಲಿ ಬೆಲೆ ಬೀಳುವುದು ಗುಣದಿಂದ ಮಾತ್ರವಲ್ಲ. ಹಸಿ ಗೂಡು ದಿನದಿಂದ ದಿನಕ್ಕೆ ತೂಕ ಕಳೆದುಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ಚಿಟ್ಟೆ ಗೂಡು ಕೊರೆದು ಹೊರಬಂದರೆ ಎಳೆ ತುಂಡು ತುಂಡು. ರೈತನಿಗೆ ಕಾಯುವ ಅವಕಾಶವಿಲ್ಲ. ಮಳೆಗಾಲದಲ್ಲಿ ಒಂದೇ ದಿನ ಹೆಚ್ಚು ಗೂಡು ಬಂದರೆ ಉತ್ತಮ ಗೂಡೂ ಸೋವಿಯಾಗಿ ಹೋಗುತ್ತದೆ. ಈ ಅಗ್ಗಕ್ಕೂ ಕಳಪೆತನಕ್ಕೂ ಸಂಬಂಧವೇ ಇಲ್ಲ. ಅದು ಅನಿವಾರ್ಯತೆಯ ಬೆಲೆ. ರಾಜ್ಯದ 1959ರ ಕಾಯ್ದೆ ಗೂಡು ಮತ್ತು ನೂಲಿನ ವ್ಯಾಪಾರವನ್ನು ಸರ್ಕಾರದ ನಿಯಂತ್ರಣಕ್ಕೆ ತಂದದ್ದು, 1979ರಲ್ಲಿ ಕರ್ನಾಟಕ ರೇಷ್ಮೆ ಮಾರಾಟ ಮಂಡಳಿ ಹುಟ್ಟಿ ಬೆಲೆ ಕುಸಿದಾಗ ತಾನೇ ಖರೀದಿಗೆ ಇಳಿದದ್ದು, ಎರಡಕ್ಕೂ ಕಾರಣ ಇದೇ.

ಅಗ್ಗ ಎಂಬುದು ಯಾರ ಪಾಲಿಗೆ ಎಂಬ ಪ್ರಶ್ನೆ ಚೀನಾ ನೂಲಿನ ವಿಷಯದಲ್ಲಿ ತೀರ ಕಟುವಾಗಿ ಎದುರಾಯಿತು. ವಿದ್ಯುತ್ ಮಗ್ಗದ ಹಾಸಿಗೆ ಪದೇ ಪದೇ ಕಡಿಯದ ನೂಲು ಬೇಕು. ಚರಕದಲ್ಲಿ ಬಿಚ್ಚಿದ ಮಿಶ್ರತಳಿ ನೂಲು ಹೊಕ್ಕಿಗೆ ಸರಿ, ಹಾಸಿಗೆ ಸಾಲದು. ಚೀನಾದ ನೂಲು ಗುಣದಲ್ಲಿ ಮೇಲು, ಬೆಲೆಯಲ್ಲಿ ಕಡಿಮೆ. ಉತ್ಪಾದನಾ ವೆಚ್ಚಕ್ಕಿಂತ ಕೆಳಗೆ ತಂದು ಸುರಿಯುತ್ತಿದ್ದಾರೆಂಬ ದೂರಿನ ಮೇಲೆ 2003ರಲ್ಲಿ ಭಾರತ ಅದರ ಮೇಲೆ ಸುರಿ-ವಿರೋಧಿ ಸುಂಕ ಹಾಕಿತು. 2011ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ರಾಜ್ಯದ ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕ ಶೇ 15ಕ್ಕೆ ಏರಿತು. ಒಂದೇ ಜಿಲ್ಲೆಯೊಳಗೆ ಹಿಪ್ಪುನೇರಳೆ ಬೆಳೆಯುವವನಿಗೆ ನಷ್ಟವಾದದ್ದು ರೇಷ್ಮೆ ನೇಯುವವನಿಗೆ ಉಸಿರಾಗಿತ್ತು. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಇಲ್ಲಿನ ಗೂಡಿನ ಗುಣ ಹೆಚ್ಚಿಸುವುದು ಬಿಟ್ಟರೆ ಇಬ್ಬರಿಗೂ ಒಗ್ಗುವ ಪರಿಹಾರ ಕಾಣುವುದಿಲ್ಲ.

ದೊಡ್ಡಬಳ್ಳಾಪುರದಲ್ಲಿ ಕೈಮಗ್ಗದ ಜಾಗವನ್ನು ವಿದ್ಯುತ್ ಮಗ್ಗ ಹಿಡಿದಂತೆ ನೂಲೂ ಬದಲಾಯಿತು. ಅಪ್ಪಟ ರೇಷ್ಮೆಯ ಜೊತೆಗೆ ಆರ್ಟ್ ಸಿಲ್ಕ್, ಪಾಲಿಯೆಸ್ಟರ್ ಬಂದವು. ಆರ್ಟ್ ಸಿಲ್ಕ್ ಎಂದು ಮೊದಲು ಕರೆದದ್ದು ಮರದ ತಿರುಳಿನಿಂದ ತೆಗೆದ ರೇಯಾನ್ ನೂಲನ್ನು. ಭಾರತದಲ್ಲಿ ಅದರ ತಯಾರಿಕೆ 1950ರಲ್ಲಿ ಕೇರಳದ ಪೆರುಂಬಾವೂರಿನಲ್ಲಿ ಆರಂಭವಾಯಿತು. ಜರಿಯಲ್ಲೂ ಇದೇ ಇಳಿಜಾರು: ಚಿನ್ನದ ಲೇಪದ ಬೆಳ್ಳಿ ಎಳೆ, ಬಳಿಕ ತಾಮ್ರದ ಎಳೆ, ಬಳಿಕ ಪ್ಲಾಸ್ಟಿಕ್ ಹಾಳೆಯ ಎಳೆ. ರೇಷ್ಮೆ ಸೀರೆ ಕೊಳ್ಳಲಾಗದ ಮನೆಗಳಲ್ಲಿ ಮದುವೆ, ಹಬ್ಬಗಳಿಗೆ ಬಣ್ಣ, ಅಂಚು, ಸೆರಗು ದೊರಕಿದ್ದು ಈ ಸೀರೆಗಳಿಂದಲೇ. ಬಿಗಿಯಾಗಿ ನೇಯ್ದು, ಬಣ್ಣ ಬಿಡದಂತೆ ಮಾಡಿದ ಆರ್ಟ್ ಸಿಲ್ಕ್ ಸೀರೆ ತನ್ನ ಜಾತಿಯಲ್ಲಿ ಒಳ್ಳೆಯ ಸೀರೆಯೇ. ಅದನ್ನು ಕಳಪೆ ಎನ್ನುವುದು ನೇಕಾರನ ದುಡಿಮೆಗೆ ಮಾಡುವ ಅನ್ಯಾಯ.

ಕಳಪೆತನ ನುಸುಳುವುದು ಬೇರೆಡೆ: ಒಂದರ ಹೆಸರಲ್ಲಿ ಇನ್ನೊಂದನ್ನು ಮಾರಿದಾಗ. ಕೈಮಗ್ಗದ ನೇಕಾರರನ್ನು ಕಾಪಾಡಲು, ಅಪ್ಪಟ ರೇಷ್ಮೆಯನ್ನು ಗುರುತಿಸಲು ಬೇರೆ ಬೇರೆ ದಾರಿಗಳಿವೆ. 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಬಿಟ್ಟಿತು. ಸುಪ್ರೀಂ ಕೋರ್ಟ್ 1993ರಲ್ಲಿ ಅದನ್ನು ಎತ್ತಿಹಿಡಿಯಿತು. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ‘ಸಿಲ್ಕ್ ಮಾರ್ಕ್’ ಬಂತು. ಹೊಲೊಗ್ರಾಂ ಇರುವ ಆ ಚೀಟಿ ಹೇಳುವುದು ಇದು ಅಪ್ಪಟ ರೇಷ್ಮೆ ಎಂಬುದನ್ನಷ್ಟೇ. ನೇಯ್ಗೆಯ ಅಂದಕ್ಕೆ, ಬಾಳಿಕೆಗೆ ಅದು ಹೊಣೆಯಲ್ಲ. ಚೀಟಿ ಇಲ್ಲದಲ್ಲಿ ಹಳೆಯ ಪರೀಕ್ಷೆಯೇ ಗತಿ. ಸೆರಗಿನ ಕುಚ್ಚಿನ ಒಂದೆಳೆಗೆ ಕಡ್ಡಿ ಗೀರಿದರೆ ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ ಬೆರಳಲ್ಲಿ ಪುಡಿಯಾಗುವ ಬೂದಿಯಾಗುತ್ತದೆ. ರೇಯಾನ್ ಕಾಗದದಂತೆ ಭಗ್ಗನೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಉಂಡೆಯಾಗುತ್ತದೆ.

ದೊಡ್ಡಬಳ್ಳಾಪುರದ ಆರ್ಟ್ ಸಿಲ್ಕ್ ಸೀರೆಯನ್ನು ಆ ಊರಿನ ಹೆಸರಿನಲ್ಲೇ, ಹಾಸು ಯಾವುದು, ಹೊಕ್ಕು ಯಾವುದು, ಜರಿ ಯಾವುದು ಎಂದು ಬಿಲ್ಲಿನಲ್ಲಿ ಬರೆದು ಮಾರುವ ಪದ್ಧತಿ ಬರಬೇಕು. ಕೊಳ್ಳುವವರು ಅಂಗಡಿಯಲ್ಲಿ ಅದನ್ನು ಕೇಳಿ ಬರೆಸಿಕೊಳ್ಳಬೇಕು.